ನೇರ ಮಾಡಿದ ಗಾಂಧಾರ

ನೋಯ್ಡಾದ ಒಂದು ಆಡಿಯೊ ಕಂಪನಿಯಲ್ಲಿ ಕನ್ನಡ ಹಾಡುಗಳ ಸಾಹಿತ್ಯ ಟೈಪ್ ಮಾಡಿ ತಪ್ಪು ತಿದ್ದುವುದು ನನ್ನ ಕೆಲಸ. ನಮ್ಮ ವಿಭಾಗದ ಮುಖ್ಯಸ್ಥರು ಮೈಸೂರಿನ ಕಡೆಯವರು, ಮೂಲತಃ ಪಿಟೀಲು ವಿದ್ವಾಂಸರು. ಒಂದು ಕಾಲಕ್ಕೆ ದೆಹಲಿಯಲ್ಲಿ ಯಾವ ಕನ್ನಡದವರ ಕಛೇರಿಗೂ ಅವರದೇ ಪಕ್ಕವಾದ್ಯ. ಕಂಪನಿಯವರು ತಿಂಗಳ ಮಟ್ಟಿಗೆ ಸಲಹೆಗೆಂದು ಕರೆದರಂತೆ. ಹೋದವರು ಅಲ್ಲೇ ಉಳಿದರು, ಪಿಟೀಲು ಬೀರುವಿನ ಮೇಲೇರಿತು. ಕಿವಿ ಮಾತ್ರ ರಾಜೀನಾಮೆ ಕೊಟ್ಟಿರಲಿಲ್ಲ. ಮೀಟಿಂಗಿನ ನಡುವೆ ಏಸಿ ಯಾವ ಶ್ರುತಿಯಲ್ಲಿ ಗುಂಯ್‌ಗುಡುತ್ತಿದೆ ಎಂದು ಹೇಳಿಬಿಡುತ್ತಿದ್ದರು. ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ.

ಪೀತಮ್‌ಪುರದಲ್ಲಿ ಒಬ್ಬ ಹಿರಿಯ ಗಾಯಕಿ, ನಮಗೆಲ್ಲ ಅಮ್ಮ. ಜೀವಮಾನವೆಲ್ಲ ಬೇರೆಯವರ ಮಕ್ಕಳಿಗೆ ಪಾಠ ಹೇಳಿದವರು, ತಮ್ಮದು ಅಂತ ಒಂದು ರೆಕಾರ್ಡೂ ಇಲ್ಲ. ಸರ್ ಹಟ ಹಿಡಿದು ಅವರಿಂದ ಒಂದು ಆಲ್ಬಂ ಹಾಡಿಸಿದರು. ಅದಾದ ತಿಂಗಳಿಗೇ ಗಂಟಲಿನ ಆಪರೇಷನ್ ಆಗಿ ಅವರ ಹಾಡು ನಿಂತೇಹೋಯಿತು. ಹಾಗಾಗಿ ಉಳಿದಿದ್ದು ಅದೊಂದೇ.

ಬಿಡುಗಡೆಯ ಹಿಂದಿನ ದಿನ ಸರ್ ಸಿದ್ಧಪ್ರತಿ ಕೇಳಲು ಕೂತರು. ತೋಡಿ ರಾಗದ ಕೃತಿ ಎರಡು ಸಾಲು ಮುಗಿದಿರಬಹುದು, ಕೈಯೆತ್ತಿ ನಿಲ್ಲಿಸಿದರು.

“ಗಾಂಧಾರ ಕಂಬದ ಹಾಗೆ ನಿಂತಿದೆಯಲ್ಲ. ಯಾರು ನಿಲ್ಲಿಸಿದ್ದು?”

ನನಗೇನೂ ತಿಳಿದಿರಲಿಲ್ಲ. ನಮ್ಮ ಸೌಂಡ್ ಇಂಜಿನಿಯರ್ ಹೆಮ್ಮೆಯಿಂದಲೇ ಒಪ್ಪಿಕೊಂಡರು: ಆಂಟೀಜಿಯ ಸ್ವರ ನಡುಗುತ್ತಿತ್ತು, ಎರಡು ದಿನ ಕೂತು ಒಂದೊಂದನ್ನೂ ಕಂಪ್ಯೂಟರಿನಲ್ಲಿ ನೇರ ಮಾಡಿದ್ದೇನೆ. ಪಾಪ, ಸ್ವರವನ್ನು ಬೇಕೆಂದೇ ಓಲಾಡಿಸುವ ಗಮಕವನ್ನು ವಯಸ್ಸಿನ ನಡುಕ ಎಂದುಕೊಂಡಿದ್ದರು. ಸರ್ ಬಯ್ಯಲಿಲ್ಲ; ಮೊದಲಿನ ಪ್ರತಿ ಇದೆಯೇ ಎಂದಷ್ಟೇ ಕೇಳಿದರು. ಇತ್ತು. ಆದರೆ ಮಾಲೀಕರಿಗೆ ನೇರ ಮಾಡಿದ್ದೇ ಹಿಡಿಸಿತ್ತು, ನಾಳೆ ಅದೇ ಹೋಗಲಿ ಅಂದುಬಿಟ್ಟರು.

ಸರ್ ನನ್ನನ್ನು ಕರೆದುಕೊಂಡು ಪೀತಮ್‌ಪುರಕ್ಕೆ ಹೊರಟರು.

ಅಮ್ಮ ಬಿಸಿಲಿಗೆ ಕೂತು ಬಟಾಣಿ ಬಿಡಿಸುತ್ತಿದ್ದರು. ಸರ್ ಏನೂ ಹೇಳದೆ ಫೋನಿನಲ್ಲಿ ಆ ನೇರವಾದ ತೋಡಿ ಹಾಕಿದರು. ಅಮ್ಮ ತಲೆ ಓರೆ ಮಾಡಿ ಕೇಳಿ, ಪಿಸುದನಿಯಲ್ಲಿ ತೀರ್ಪು ಕೊಟ್ಟರು. “ಕಂಠ ಚೆನ್ನಾಗಿದೆ ಕಣೋ. ಪಾಠ ಆಗಿಲ್ಲ. ಯಾರ ಹತ್ರ ಕಲೀತಿದಾಳೆ?”

“ಅದು ನೀವೇ ಅಮ್ಮ. ಕಂಪ್ಯೂಟರಿನಲ್ಲಿ ನೇರ ಮಾಡಿದ್ದಾರೆ.”

ನನಗೆ ನಗು ಬಂತು, ಅಮ್ಮನನ್ನು ನೋಡಿ ನುಂಗಿಕೊಂಡೆ. ಅಮ್ಮನ ಕೈ ಬಟಾಣಿಯಲ್ಲೇ ನಿಂತಿತ್ತು. ಸರ್ ಮೊದಲಿನ ಪ್ರತಿ ಹಾಕಿದರು. ಗಾಂಧಾರ ಬಂದಾಗ ಅವರ ಎಡಗೈ ಬೆರಳು ಫೋನಿನ ಅಂಚಿನ ಮೇಲೆ, ತಂತಿಯ ಮೇಲೆ ಜಾರುವಂತೆ, ಅಮ್ಮನ ದನಿಯ ಜೊತೆಗೇ ಓಲಾಡಿತು. ಇಷ್ಟು ವರ್ಷ ಬರೀ ಫೈಲು ಹಿಡಿದಿದ್ದ ಕೈ ಅದು! ಅಮ್ಮ ತೊಡೆಯ ಮೇಲೆ ತಾಳ ಹಾಕುತ್ತಿದ್ದರು.

“ಇದನ್ನೇ ಹಾಕು,” ಅಂದರು ಕೊನೆಗೆ. “ಇಲ್ಲದಿದ್ರೆ ನನ್ನ ಹೆಸರು ತೆಗೆದುಬಿಡು.”

ಸರ್ ಬಾಲ್ಕನಿಗೆ ಹೋಗಿ ಮಾಲೀಕರಿಗೆ ಫೋನ್ ಮಾಡಿದರು. ಹಾಡಿದವರ ಒಪ್ಪಿಗೆ ಇಲ್ಲ, ಅದನ್ನು ಮೀರುವುದಾದರೆ ನನ್ನ ಕುರ್ಚಿಗೂ ಬೇರೆಯವರನ್ನು ನೋಡಿಕೊಳ್ಳಿ ಎಂದು ಹಿಂದಿಯಲ್ಲಿ, ದನಿ ಏರಿಸದೆ ಹೇಳಿದ್ದು ಕೇಳಿಸಿತು. ಆಮೇಲೆ ಬಹಳ ಹೊತ್ತು ಅಚ್ಛಾ, ಅಚ್ಛಾ ಅಷ್ಟೇ.

ಒಳಗೆ ಬಂದು, ಬಿಡುಗಡೆ ಒಂದು ವಾರ ತಡ, ಹೋಗುವುದು ನೀವು ಹಾಡಿದ್ದೇ ಎಂದರು. ಅಮ್ಮ ತಲೆಯಾಡಿಸಿದರು.

“ಸರಿ. ಅದನ್ನ ನೇರ ಮಾಡಿದವರನ್ನ ಭಾನುವಾರ ಇಲ್ಲಿಗೆ ಕಳಿಸು. ನೀನೂ ಪಿಟೀಲು ತಗೊಂಡು ಬಾ. ನನಗೆ ಹಾಡಿ ತೋರಿಸೋಕಾಗಲ್ಲ, ನೀನೇ ನುಡಿಸಿ ತೋರಿಸಬೇಕು.”