ಒಲೆಯ ಮೇಲೆ ಕುದಿದ ಪ್ರಾಜೆಕ್ಟ್

ಪೋಂ... ಪೋಂ... ನಾನು ಚಿಕ್ಕವಳಿದ್ದಾಗ ಕಾಪುವಿನ ನಮ್ಮ ಮನೆಯಲ್ಲಿ ಬೆಳಗಾಗುತ್ತಿದ್ದುದು ಈ ಸದ್ದಿನಿಂದ. ಅಪ್ಪ ಸೈಕಲ್ಲಿನ ಹಿಂದೆ ಮೀನಿನ ಬುಟ್ಟಿ ಕಟ್ಟಿಕೊಂಡು, ರಬ್ಬರಿನ ಹಾರ್ನ್ ಒತ್ತುತ್ತಾ ಎಲ್ಲೂರಿನ ಕಡೆಗೆ ಹೊರಡುತ್ತಿದ್ದರು. ದಾರಿಯ ಬೆಕ್ಕುಗಳೆಲ್ಲ ಬಾಲ ಎತ್ತಿಕೊಂಡು ಅವರ ಹಿಂದೆ ಓಡುತ್ತಿದ್ದವು. ನಾನು ಬಸ್ಸು ಹತ್ತಿ ಉಡುಪಿಯ ಕಾನ್ವೆಂಟಿಗೆ ಹೋಗುತ್ತಿದ್ದೆ.

ಅಪ್ಪನಿಗೆ ಇಂಗ್ಲಿಷಿನ ಒಂದಕ್ಷರವೂ ಬರುತ್ತಿರಲಿಲ್ಲ. ಆದರೂ ಸಂಜೆ ಮಿಂದು ಬಂದು ಚಾಪೆಯ ಮೇಲೆ ಕುಳಿತು, "ಇವತ್ತು ಎಂತ ಕಲ್ತೆ? ನಂಗೆ ಅರ್ಥ ಆಗುವ ಹಾಗೆ ಹೇಳು" ಎನ್ನುತ್ತಿದ್ದರು. ಇಂಗ್ಲಿಷಿನ ಪಾಠವನ್ನು ನಾನು ತುಳುವಿನಲ್ಲಿ ಹೇಳಬೇಕು. ಹೇಳಲಿಕ್ಕೆ ಬಾರದಿದ್ದರೆ ಪಾಠ ನನಗೇ ಅರ್ಥವಾಗಿಲ್ಲ ಎಂದು ಇಬ್ಬರಿಗೂ ಗೊತ್ತಾಗುತ್ತಿತ್ತು. ಅದೇ ನಮ್ಮ ಮನೆಯ ಟ್ಯೂಷನ್.

ಒಂದು ವರ್ಷ ಕಾನ್ವೆಂಟಿನ ಸಿಸ್ಟರ್ ನೇಚರ್ ಸ್ಟಡಿ ಎಕ್ಸಿಬಿಷನ್ ಇಟ್ಟರು. ಒಬ್ಬೊಬ್ಬರೂ ಕೈಯಾರೆ ಮಾಡಿದ ಒಂದು ವಸ್ತು ತರಬೇಕಿತ್ತು. ಮೀನು ಮಾರುವವರ ಮಗಳು ಇನ್ನೇನು ತಂದಾಳು? ಬಂಗುಡೆಯ ಪೂರ್ತಿ ಅಸ್ಥಿಪಂಜರ ತರುತ್ತೇನೆ ಎಂದು ಕ್ಲಾಸಿನಲ್ಲಿ ಜಂಬದಿಂದ ಹೇಳಿಬಿಟ್ಟೆ.

ಅಮ್ಮನಿಲ್ಲದ ನಮ್ಮ ಮನೆಯನ್ನು ನೋಡಿಕೊಳ್ಳುತ್ತಿದ್ದ ಅಕ್ಕ ಇದನ್ನು ಕೇಳಿದ ಕೂಡಲೇ ಮುಖ ಸಿಂಡರಿಸಿದಳು. "ಅಪ್ಪ, ಆಚಾರಿಯ ಹತ್ರ ಒಂದು ಚಂದದ ಮರದ ಮೀನು ಮಾಡಿಸಿ ಕೊಡಿ. ಇವಳ ಮರ್ಯಾದೆ ಉಳೀತದೆ."

"ಯಾಕೆ, ಆಚಾರಿ ಕಾನ್ವೆಂಟಿಗೆ ಹೋಗ್ತಾನಾ?" ಎಂದರು ಅಪ್ಪ. ಆಮೇಲೆ ನನ್ನ ಕಡೆ ತಿರುಗಿ, "ಮೀನು ನಾನು ತಂದು ಕೊಡ್ತೇನೆ. ಆಮೇಲೆ ಮೀನೂ ನಿನ್ನದು, ನಾತವೂ ನಿನ್ನದು" ಎಂದರು.

ನೀರಿನಲ್ಲಿ ಕೊಳೆಸಿದರೆ ಮಾಂಸ ಬಿಟ್ಟುಕೊಂಡು ಮುಳ್ಳು ಉಳಿಯುತ್ತದೆ ಎಂದು ಸಿಸ್ಟರ್ ಹೇಳಿದ್ದರು. ನಾನು ಹಳೆಯ ಸಾರಿನ ಮಡಕೆಯೊಂದರಲ್ಲಿ ನೀರು ತುಂಬಿ ಮೀನನ್ನು ಮುಳುಗಿಸಿ, ಅಡುಗೆಮನೆಯ ಹಿಂಬಾಗಿಲ ಹೊರಗೆ ಇಟ್ಟೆ. ಛೀ, ಆ ವಾಸನೆ! ಮೊದಲು ಹುಳಿ ಹುಳಿಯಾಗಿ ಬಂತು, ಆಮೇಲೆ ಸಿಹಿ ಸಿಹಿಯಾಗಿ. ಆ ಸಿಹಿ ಇನ್ನೂ ಹಾರಿಬಲ್. ನೀರಿನ ಮೇಲೆ ಬೂದು ಬಣ್ಣದ ಕೆನೆ ಕಟ್ಟಿತು. ಅಕ್ಕ ಸೆರಗಿನಿಂದ ಮೂಗು ಮುಚ್ಚಿಕೊಂಡೇ ಅಡುಗೆ ಮಾಡುತ್ತಿದ್ದಳು. "ಅದನ್ನು ಬಿಸಾಡಿ, ಇಲ್ಲ ನನ್ನನ್ನು ಮದುವೆ ಮಾಡಿ ಕಳಿಸಿ" ಎಂದು ಅಪ್ಪನ ಹತ್ತಿರ ಜಗಳಕ್ಕೆ ನಿಂತಳು. ಅಪ್ಪ ಊಟದ ತಟ್ಟೆ ಎತ್ತಿಕೊಂಡು ಅಂಗಳಕ್ಕೆ ಹೋದರು. ಬಿಸಾಡು ಎಂದು ಮಾತ್ರ ಹೇಳಲಿಲ್ಲ.

ಬೆಕ್ಕುಗಳ ಕಾಟ ತಾಳಲಾರದೆ ನಾನು ಮಡಕೆಯನ್ನು ಒಲೆಯ ಪಕ್ಕಕ್ಕೆ ತಂದು, ಬಾಯಿಗೆ ತಟ್ಟೆ ಮುಚ್ಚಿ ಕಲ್ಲು ಹೇರಿಟ್ಟೆ. ನಮ್ಮ ಕಡೆ ಉಳಿದ ಮೀನಿನ ಸಾರನ್ನೂ ಹಾಗೆಯೇ ಇಡುತ್ತಾರೆ. ಮರುದಿನ ಅದನ್ನು ಕುದಿಸಿ, ದಪ್ಪ ಮಾಡಿ, ಗಂಜಿಗೆ ನೆಂಚಿಕೊಳ್ಳುವ ಸುಖ ಹೊಸ ಸಾರಿನಲ್ಲಿಲ್ಲ.

ಅಕ್ಕ ಬಾವಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದಾಗ ಹೂಡೆಯಿಂದ ದೊಡ್ಡಮ್ಮ ಬಂದರು. ಅವರಿಗೆ ಅಂದು ಜೋರು ನೆಗಡಿ, ಮೂಗು ಕಟ್ಟಿ ಹೋಗಿತ್ತು. ಹಸಿವಿನಲ್ಲಿ ಗಂಜಿ ಬಡಿಸಿಕೊಂಡರು, ಕಲ್ಲು ಹೇರಿದ ಮಡಕೆ ನೋಡಿದರು, ಸಂತೋಷದಿಂದ ಎತ್ತಿ ಒಲೆಯ ಮೇಲಿಟ್ಟು ಉರಿ ಮಾಡಿದರು.

ನಾನು ಬಸ್ಸಿಳಿದು ಬರುವಾಗ ಅಕ್ಕಪಕ್ಕದ ಮನೆಯವರೆಲ್ಲ ರಸ್ತೆಯಲ್ಲಿ ನಿಂತಿದ್ದರು. ಅಕ್ಕ ಮಲ್ಲಿಗೆ ಗಿಡದ ಬುಡದಲ್ಲಿ ವಾಂತಿ ಮಾಡುತ್ತಿದ್ದಳು. ದೊಡ್ಡಮ್ಮ ಕೈಯಲ್ಲಿ ಸೌಟು ಹಿಡಿದು, "ನಾನು ನಿನ್ನೆಯ ಸಾರೂಂತ ಗ್ರಹಿಸಿದ್ದು ಮಾರಾಯ್ತಿ! ಉಪ್ಪು ನೋಡುವ ಅಂತ ನಾಲಗೆಗೂ ಇಟ್ಟೆ!" ಎಂದು ಅಳುತ್ತಿದ್ದರು.

ನಾನೂ ಅತ್ತೆ, ನನ್ನ ಮೀನಿಗಾಗಿ. ಎಕ್ಸಿಬಿಷನ್ ಹತ್ತಿರ ಬಂದಿತ್ತು, ಇನ್ನೊಂದು ಮೀನು ಕೊಳೆಸಲು ಸಮಯವಿರಲಿಲ್ಲ. ಅಪ್ಪ ಬಂದು ಮಡಕೆಯೊಳಗೆ ಇಣುಕಿದರು. "ಕೂಗ್ತಿ ಯಾಕೆ? ಕೈ ಹಾಕಿ ನೋಡು" ಎಂದರು. ಹೇಸಿಗೆಯಿಂದ ಮೈ ಜುಮ್ಮೆಂದರೂ ಕೈ ಹಾಕಿದೆ. ಬೆಂದ ಮಾಂಸವೆಲ್ಲ ಲೋಳೆಯಾಗಿ ಜಾರಿ, ಬಿಳಿ ಮುಳ್ಳುಗಳು ಬೆರಳಿಗೆ ಸಿಕ್ಕವು. ಆದರೆ ಎಲ್ಲ ಬಿಡಿಬಿಡಿ! ಯಾವುದು ಎಲ್ಲಿಯದು?

ಆ ಸಂಜೆ ಅಪ್ಪ ಬೇರೊಂದು ಬಂಗುಡೆ ಬೇಯಿಸಿಕೊಂಡು ಬಹಳ ನಿಧಾನವಾಗಿ ಉಂಡರು. ಒಂದೊಂದೇ ಮುಳ್ಳು ಬಿಡಿಸಿ ಬಾಳೆಲೆಯ ಅಂಚಿನಲ್ಲಿ ಇದ್ದ ಹಾಗೆಯೇ ಸಾಲಾಗಿ ಇಡುತ್ತಾ ಹೋದರು. ನಾನು ಎಲೆಯನ್ನು ನೋಡಿ ನೋಡಿ ನನ್ನ ಮುಳ್ಳುಗಳನ್ನು ಒಂದು ಹಲಗೆಯ ಮೇಲೆ ಗೋಂದಿನಿಂದ ಅಂಟಿಸಿದೆ. ಒಂದು ಕಡೆ ತಪ್ಪಿದಾಗ, "ಇಲ್ಲಿ ನೋಡು, ಅಲ್ಲಿ ನೋಡು" ಎಂದರು, ಅಷ್ಟೇ. ನನ್ನ ಹಲಗೆಯನ್ನು ಬೆರಳ ತುದಿಯಿಂದಲೂ ಮುಟ್ಟಲಿಲ್ಲ.

ಎಕ್ಸಿಬಿಷನ್ ದಿನ ಸಿಸ್ಟರ್ ಮೂಗಿಗೆ ಕರ್ಚೀಫ್ ಹಿಡಿದರು. "ಮೈ ಗುಡ್‌ನೆಸ್! ಹಾಲ್‌ನ ಒಳಗೆ ಬೇಡ ಚೈಲ್ಡ್, ವೆರಾಂಡದಲ್ಲಿ ಇಡು." ನನ್ನ ಬಂಗುಡೆಗೆ ಬಾತ್‌ರೂಮಿನ ಪಕ್ಕದಲ್ಲಿ ಜಾಗ ಸಿಕ್ಕಿತು. ಒಳಗೆ ನನ್ನ ಕ್ಲಾಸಿನ ಹುಡುಗಿಯೊಬ್ಬಳ ಮೇಣದ ಕಣ್ಣು ಇತ್ತು. ನಿಜದ ಕಣ್ಣಿಗಿಂತ ಚಂದ. ಅವಳ ಡ್ಯಾಡಿ ಯಾರಿಂದಲೋ ಮಾಡಿಸಿದ್ದು. ಬಂದವರೊಬ್ಬರು, "ಇದು ಯಾವ ಭಾಗ?" ಎಂದು ಕೇಳಿದರೆ ಅವಳು ಕೆಂಪಗಾಗಿ, "ಡ್ಯಾಡಿಗೆ ಗೊತ್ತುಂಟು" ಎಂದಳು. ಫಸ್ಟ್ ಪ್ರೈಜ್ ಅವಳಿಗೇ. ಡ್ಯಾಡಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು, ತನಗೆ ತಾನೇ! ಮಡಕೆಯ ವಾಸನೆಗೂ ನನಗೆ ಅಷ್ಟು ವಾಕರಿಕೆ ಬಂದಿರಲಿಲ್ಲ.

ಅಪ್ಪ ಬಿಳಿ ಪಂಚೆ ಉಟ್ಟು ಕರೆದೊಯ್ಯಲು ಬಂದರು. ಪ್ರೈಜಿನ ಮಾತೆತ್ತಲಿಲ್ಲ. "ಎಂತೆಲ್ಲ ಕೇಳಿದ್ರು? ನೀನು ಎಂತ ಹೇಳಿದೆ?" ಎಂದರು. ಬಸ್ಸು ಕಾಪು ಮುಟ್ಟುವ ತನಕ ಹೇಳಿದರೂ ನನ್ನ ಮಾತು ಮುಗಿಯಲಿಲ್ಲ.

ಮೊಮ್ಮಕ್ಕಳೇ, ಮೊನ್ನೆ ಮಣಿಪಾಲದಲ್ಲಿ ನಿಮ್ಮ ಶಾಲೆಯ ಎಕ್ಸಿಬಿಷನ್ನಿಗೆ ಬಂದಿದ್ದೆನಲ್ಲ, ಮನೆಗೆ ಬಂದು ನನಗೆ ಊಟ ಸೇರಲಿಲ್ಲ. ಆನ್‌ಲೈನಿನಲ್ಲಿ ತರಿಸಿದ ಜ್ವಾಲಾಮುಖಿ, ಅಂಗಡಿಯಲ್ಲಿ ಮಾಡಿಸಿದ ಸೌರಮಂಡಲ. ಅಮ್ಮಂದಿರ ಕೈಯಲ್ಲಿ ಗ್ಲೂ ಗನ್, ಅಪ್ಪಂದಿರ ಕೈಯಲ್ಲಿ ಕ್ಯಾಮೆರಾ. ಮಾಡೆಲ್‌ನ ಹಿಂದೆ ಗೊಂಬೆಗಳ ಹಾಗೆ ನೀವು. "ಮುಟ್ಬೇಡ, ಹಾಳಾಗ್ತದೆ!" ಎಂದು ನಿಮ್ಮ ಅಮ್ಮನೇ ಕೂಗಿದ್ದನ್ನು ಈ ಕಿವಿಯಿಂದ ಕೇಳಿದೆ. ಡಿಸ್‌ಗಸ್ಟಿಂಗ್! ಥರ್ಮೋಕೋಲಿಗೆ ವಾಸನೆಯಿಲ್ಲ ನಿಜ. ಆದರೆ ಹಾಲ್ ತುಂಬ ನನಗೆ ಏನೋ ಕೊಳೆತ ಹಾಗೆ ಅನಿಸಿತು. ನಮ್ಮ ಕಾಲದಲ್ಲಿ ಅಂಥ ಡ್ಯಾಡಿ ಕ್ಲಾಸಿಗೊಬ್ಬರಿದ್ದರು. ಈಗ ನನ್ನ ಅಪ್ಪನಂಥವರು ಶಾಲೆಗೊಬ್ಬರು ಸಿಕ್ಕರೆ ಪುಣ್ಯ.

ನನ್ನ ಅಪ್ಪನನ್ನು ನಾನು ಕೊನೆಯ ಸಲ ನೋಡಿದ್ದು ಕಾಪುವಿನ ಮನೆಯ ಜಗಲಿಯಲ್ಲಿ. ನಿಮ್ಮ ಅಪ್ಪ ಆಗ ಪುಟ್ಟ ಹುಡುಗ, ಸ್ಲೇಟಿನ ಮೇಲೆ ತಲೆಕೆಳಗಾಗಿ 'ಅ' ಬರೆಯುತ್ತಿದ್ದ. ಕಾರ್ಕಳದ ನಮ್ಮ ಮನೆಗೆ ಹೋಗುವ ಬಸ್ಸಿಗೆ ಹೊತ್ತಾಯಿತೆಂದು ನಾನು ಅವನ ಕೈ ಹಿಡಿದು ತಿದ್ದಲು ಬಗ್ಗಿದೆ. ನನ್ನ ಅಪ್ಪನ ಕೈಗಳಿಗೂ ತಿದ್ದುವ ಆಸೆಯಿತ್ತು ಎಂದು ಕಾಣುತ್ತದೆ, ಎರಡನ್ನೂ ತೊಡೆಯ ಕೆಳಗೆ ಒತ್ತಿಟ್ಟುಕೊಂಡಿದ್ದರು. "ಬಿಡು ಮಗಾ" ಎಂದರು ನನಗೆ. "ಬಸ್ಸು ಇನ್ನೊಂದು ಬರ್ತದೆ."