ಪೂಜೆಯಾದ ಒರಳುಕಲ್ಲು

ನನಗೆ ಆಗ ಮೂವತ್ತೈದು ವರ್ಷ. ಅದಾಗಿ ಈಗ ಮೂವತ್ತು ವರ್ಷ ಕಳೆಯಿತು. ಬಾಲ್ಯದ ನೆನಪು ಎಂದರೆ ಎಲ್ಲರೂ ತಮ್ಮದನ್ನು ಬರೆಯುತ್ತಾರೆ. ನನ್ನ ಬಾಲ್ಯದಲ್ಲಿ ಬರೆಯುವಂಥದ್ದು ಏನೂ ಇಲ್ಲ. ದನ ಕಾದೆ, ಮದುವೆಯಾಯಿತು, ಅಷ್ಟೇ. ಇದು ನನ್ನ ಮಕ್ಕಳ ಬಾಲ್ಯ. ಅವರಿಗಿಂತ ನನಗೇ ಚೆನ್ನಾಗಿ ನೆನಪಿದೆ.

ಆ ದಿನಗಳಲ್ಲಿ ಕಾರ್ಖಾನೆ ಕೆಲಸದವರ ಮಕ್ಕಳಿಗೆ ದೀಪಾವಳಿಗಿಂತ ಆಯುಧಪೂಜೆಯೇ ದೊಡ್ಡ ಹಬ್ಬ. ನಾವಿದ್ದದ್ದು ಮಲವಗೊಪ್ಪದ ಒಂದು ಶೀಟಿನ ಮನೆಯಲ್ಲಿ. ಯಜಮಾನರು ಸೈಕಲ್ಲಿನಲ್ಲಿ ಭದ್ರಾವತಿಯ ಒಂದು ಸಣ್ಣ ಫೌಂಡ್ರಿಗೆ ಹೋಗುತ್ತಿದ್ದರು. ಮರಳಿನಲ್ಲಿ ಅಚ್ಚು ಕಟ್ಟಿ ಕಾದ ಕಬ್ಬಿಣ ಹೊಯ್ಯುವ ಕೆಲಸ. ಮಕ್ಕಳನ್ನು ಒಳಗೆ ಬಿಡುತ್ತಿದ್ದದ್ದು ವರ್ಷಕ್ಕೆ ಅದೊಂದೇ ದಿನ. ಒಡೆದ ಬೂದುಗುಂಬಳದ ಹಸಿ ವಾಸನೆ, ಊದುಬತ್ತಿ, ಸುಟ್ಟ ಮರಳು, ಎಲ್ಲ ಸೇರಿ ಮೂಗಿಗೆ ಅಡರುತ್ತಿತ್ತು. ಮಂಡಕ್ಕಿ, ಬೂಂದಿ ಲಾಡಿನ ಪೊಟ್ಟಣ ಕೊಡುತ್ತಿದ್ದರು. ಮನೆಗೆ ಬಂದ ಮೇಲೆ ತಿಂಗಳುಗಟ್ಟಲೆ ಅದೇ ಆಟ. ದೊಡ್ಡವಳು ಸವಿತಾ, ಹತ್ತು ವರ್ಷದವಳು, ತೆಂಗಿನ ಕರಟಕ್ಕೆ ಕೆಸರು ಹೊಯ್ದು "ಕಬ್ಬಿಣ ಬಂತು, ದೂರ ಸರೀರೋ" ಎಂದು ಕೂಗುವಳು. ಆರು ವರ್ಷದ ಮಂಜ ಬಾಯಲ್ಲೇ ಸೈರನ್ ಊದುವನು.

ಆ ವರ್ಷ ಗಣಪತಿ ಹಬ್ಬ ಕಳೆದದ್ದೇ ಫೌಂಡ್ರಿಗೆ ಬೀಗ ಬಿತ್ತು. ಯಜಮಾನರು ಮನೆಗೆ ಬಂದವರು ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದರು. ಮಲಗಿಯೇ ಇದ್ದರು. ಗಡ್ಡ ಬೆಳೆಯಿತು. ಸ್ನಾನಕ್ಕೂ ನಾನೇ ಎಬ್ಬಿಸಬೇಕು. ಬೆಳಿಗ್ಗೆ ಗಂಜಿ, ರಾತ್ರಿ ಅದಕ್ಕೇ ಇನ್ನಷ್ಟು ನೀರು.

"ಅಪ್ಪಂಗೆ ಜ್ವರನಾ?" ಎಂದು ಮಂಜ ಕೇಳುತ್ತಿದ್ದ.

"ಹೂಂ."

"ಆಯುಧಪೂಜೆಗೆ ಹುಷಾರಾಗ್ತಾರಾ?"

"ಗಂಜಿ ಕುಡಿ, ಆರೋಗುತ್ತೆ."

ಪಾತ್ರೆ ತೊಳೆಯುವ ಕೆಲಸ ಕೇಳಿಕೊಂಡು ಶಿವಮೊಗ್ಗದ ಬಸ್‌ಸ್ಟ್ಯಾಂಡ್ ಹತ್ತಿರದ ಒಂದು ಹೋಟೆಲಿಗೆ ಹೋದೆ. ಹೋಟೆಲಿನ ಭಟ್ಟರು ತಲೆ ಎತ್ತಲಿಲ್ಲ.

"ಪಾತ್ರೆಗೆ ಜನ ಇದಾರಮ್ಮ. ಗ್ರೈಂಡರ್ ಕೆಟ್ಟು ಕೂತಿದೆ, ಅದಕ್ಕೇ ನನ್ನ ತಲೆ ಕೆಟ್ಟಿದೆ. ವಿಜಯದಶಮಿ ಬೆಳಿಗ್ಗೆಗೆ ಇಡ್ಲಿ ಹಿಟ್ಟು ರುಬ್ಬಿ ತಂದ್ಕೊಡ್ತೀಯಾ? ಹಬ್ಬದ ಗಿರಾಕಿ, ಕೈ ಕೊಟ್ರೆ ನಾನು ಸತ್ತೆ. ಇಡ್ಲಿ ಸರಿ ಬಂದ್ರೆ ಆಮೇಲೆ ದಿನಾ ನಿಂದೇ."

ಅಕ್ಕಿ, ಉದ್ದು, ದೊಡ್ಡ ಕ್ಯಾನು ಎಲ್ಲ ಅವರೇ ಕೊಟ್ಟರು. ಬೆಳಿಗ್ಗೆಗೆ ಹಿಟ್ಟು ಉಬ್ಬಬೇಕಾದರೆ ಹಿಂದಿನ ದಿನ, ಅಂದರೆ ಆಯುಧಪೂಜೆಯ ದಿನವೇ ರುಬ್ಬಬೇಕು. ಪೂಜೆ ಮಾಡಿದ ಆಯುಧವನ್ನು ಮರುದಿನದವರೆಗೆ ಮುಟ್ಟುವುದಿಲ್ಲ ಎನ್ನುವುದು ಗೊತ್ತಿರಲಿಲ್ಲವೇ? ಗೊತ್ತಿತ್ತು. ನಮ್ಮ ಮನೆಯಲ್ಲಿ ಇನ್ನು ಆಯುಧ ಎಲ್ಲಿ ಉಳಿದಿದೆ ಎಂದು ಸುಮ್ಮನಿದ್ದೆ.

ಹಬ್ಬದ ದಿನ ಅಕ್ಕಿ, ಉದ್ದು ನೆನೆಹಾಕಿ ಬೋರ್‌ವೆಲ್ಲಿಗೆ ನೀರಿಗೆ ಹೋದೆ. ಅಲ್ಲಿ ಉದ್ದ ಸಾಲು. ತಿರುಗಿ ಬಂದಾಗ ಹಿತ್ತಿಲಲ್ಲಿ ಸೈರನ್ ಕೇಳಿಸಿತು. ನೋಡಿದರೆ ಒರಳುಕಲ್ಲಿಗೆ ವಿಭೂತಿ ಬಳಿದಿದ್ದಾರೆ, ಕುಂಕುಮ ಇಟ್ಟಿದ್ದಾರೆ, ಗುಂಡುಕಲ್ಲಿಗೆ ಚೆಂಡುಹೂವಿನ ಹಾರ. ಎದುರಿಗೆ ಯಜಮಾನರು. ಸ್ನಾನವಾಗಿದೆ, ಗಡ್ಡ ಬೋಳಿಸಿದ್ದಾರೆ, ಕರ್ಪೂರ ಬೆಳಗುತ್ತಿದ್ದಾರೆ. ಯಾರೂ ಎಬ್ಬಿಸದೆ ಎದ್ದಿದ್ದರು.

"ಅಮ್ಮಾ, ಇನ್ಮೇಲೆ ನಮ್ಮನೆ ಮಿಷನ್ನು ಇದೇ ಅಲ್ವಾ? ನಾನೇ ಅಪ್ಪಂಗೆ ಹೇಳ್ದೆ" ಎಂದಳು ಸವಿತಾ.

"ಉದ್ದು ನೆನೆದಿದೆ ಕಣೇ. ಈಗ್ಲೇ ರುಬ್ಬಬೇಕು."

"ಇವತ್ತು ಮುಟ್ಟಂಗಿಲ್ಲ" ಎಂದರು ಯಜಮಾನರು. ಆ ಗಟ್ಟಿ ದನಿ ಕೇಳಿ ಎಷ್ಟೋ ದಿನವಾಗಿತ್ತು. "ಫೌಂಡ್ರಿಲಿ ಒಬ್ನೂ ಮುಟ್ತಿರ್ಲಿಲ್ಲ."

"ಭಟ್ರಿಗೆ ಏನ್ ಹೇಳ್ಲಿ?"

"ಹಬ್ಬ ಅಂತ ಹೇಳು. ಅವ್ರಿಗೂ ಗೊತ್ತಿರುತ್ತೆ."

"ಅವ್ರಿಗೆ ಗೊತ್ತಿರೋದು ಇಡ್ಲಿ."

ಒಂದು ಕೊಡ ನೀರು ಸುರಿದಿದ್ದರೆ ಮುಗಿಯುತ್ತಿತ್ತು. ಕೊಡ ಸೊಂಟದಲ್ಲೇ ಇತ್ತು. ನನಗೆ ದೇವರ ಭಯ ಅಷ್ಟಾಗಿ ಇಲ್ಲ. ಆದರೆ ಎದ್ದ ಗಂಡಸು ಮತ್ತೆ ಹೋಗಿ ಗೋಡೆಗೆ ಮುಖ ಮಾಡಿದರೆ, ಇನ್ನೊಮ್ಮೆ ಎಬ್ಬಿಸಲು ನನ್ನ ಮೈಯಲ್ಲಿ ಕಸುವಿರಲಿಲ್ಲ. ಕೊಡ ಇಳಿಸಿದೆ. ನೆನೆದ ಅಕ್ಕಿಯ ಪಾತ್ರೆ ಹೊತ್ತುಕೊಂಡು ಪಕ್ಕದ ಮನೆಯ ಮೇರಕ್ಕನ ಹಿತ್ತಿಲಿಗೆ ನಡೆದೆ. ಭದ್ರಾವತಿಯಿಂದ ಬಂದು ನೆಲೆಸಿದ ತಮಿಳು ಹೆಂಗಸು, ಚರ್ಚಿಗೆ ಹೋಗುವವಳು. ಅವಳ ಕಲ್ಲಿಗೆ ಪೂಜೆ ಗೀಜೆ ಇಲ್ಲ.

"ಏನ್ ಮಾರಾಯ್ತಿ, ನಿಮ್ ಕಲ್ಲಿಗೆ ರಜಾ, ನಮ್ ಕಲ್ಲಿಗೆ ಓವರ್‌ಟೈಮಾ?" ಎಂದು ಮೇರಕ್ಕ ಬಿದ್ದು ಬಿದ್ದು ನಕ್ಕಳು. "ಬೆಳಿಗ್ಗೆ ತಾನೇ ಮೀನಿನ ಮಸಾಲೆ ರುಬ್ಬಿದೀನಿ. ಭಟ್ರ ಇಡ್ಲಿಗೆ ಒಳ್ಳೆ ರುಚಿ ಬರುತ್ತೆ ಬಿಡು."

"ಬಾಯ್ ಮುಚ್ಚಕ್ಕ. ಬಿಸಿನೀರು ಕಾಯ್ಸು."

ಹುಣಸೆಹಣ್ಣು, ಕಲ್ಲುಪ್ಪು ಹಾಕಿ ತಿಕ್ಕಿದೆ. ಬಿಸಿನೀರು ಹೊಯ್ದೆ. ಮೂಸಿದೆ. ಮತ್ತೆ ತಿಕ್ಕಿದೆ. ಹಿಂದೆಯೇ ಉದ್ದಿನ ಪಾತ್ರೆ ಎತ್ತಿಕೊಂಡು ಸವಿತಾ ಬಂದಿದ್ದಳು. ನಾನು ಕರೆದಿರಲಿಲ್ಲ. ನಾನು ಗುಂಡು ತಿರುಗಿಸಿದೆ, ಅವಳು ಅಂಚಿಗೆ ಬಂದ ಹಿಟ್ಟನ್ನು ಬೆರಳಿನಿಂದ ಒಳಗೆ ತಳ್ಳಿದಳು. ಕತ್ತಲಾಗುವ ಹೊತ್ತಿಗೆ ನನ್ನ ರಟ್ಟೆ ಸೋತು ಹೋಗಿತ್ತು, ಅವಳ ಬೆರಳು ಬೆಳ್ಳಗೆ ಸುಕ್ಕುಗಟ್ಟಿತ್ತು. ಅಷ್ಟು ಹೊತ್ತೂ ಆ ಹುಡುಗಿ ಲಾಡು ಕೇಳಲಿಲ್ಲ, ಮಂಡಕ್ಕಿ ಕೇಳಲಿಲ್ಲ. ಬೇಲಿಯ ಆಚೆಯಿಂದ ಮಂಜ "ಬಾರೇ ಅಕ್ಕ, ಕಬ್ಬಿಣ ಹೊಯ್ಯಣ" ಎಂದು ಎರಡು ಮೂರು ಸಲ ಕರೆದ.

"ನೀನೇ ಆಡ್ಕೋ ಹೋಗೋ, ನಂಗೆ ಕೆಲ್ಸ ಇದೆ" ಎಂದಳು.

ಅವಳು ಆ ಆಟ ಮತ್ತೆ ಆಡಲಿಲ್ಲ. ಒಬ್ಬನೇ ಆಡಲು ಬೇಜಾರಾಗಿ ಮಂಜನೂ ಬಿಟ್ಟ. ಯಜಮಾನರು ಆಮೇಲೆ ವಿನೋಬನಗರದಲ್ಲಿ ಒಂದು ಕಡೆ ವಾಚ್‌ಮನ್ ಆದರು. ಸಂಬಳ ಬಂತು, ಆದರೆ ಕಬ್ಬಿಣ ಹೊಯ್ಯುವವನ ಎದೆ ಹಿಂದೆ ಬರಲಿಲ್ಲ. ಅವರು ಹೋಗಿ ನಾಲ್ಕು ವರ್ಷವಾಯಿತು. ಮಕ್ಕಳಿಬ್ಬರೂ ದುಡಿಯುತ್ತಾರೆ, ಹೊಟ್ಟೆಗೆ ಬಟ್ಟೆಗೆ ಕಡಿಮೆಯಿಲ್ಲ. ಸವಿತಾಳಿಗೆ ನಲವತ್ತಾಯಿತು, ಇವತ್ತಿಗೂ ಕೈ ಖಾಲಿ ಇಟ್ಟುಕೊಂಡು ಕೂರಲು ಬರುವುದಿಲ್ಲ. ಜನ ಹೊಗಳುತ್ತಾರೆ. ನಾನು ಹೊಗಳುವುದಿಲ್ಲ. ಇನ್ನೂ ಎರಡು ವರ್ಷ ಕೆಸರಿನಲ್ಲಿ ಆಡಬೇಕಿದ್ದ ಹುಡುಗಿ ಅದು.

ಆ ಹಬ್ಬದ ಮರುದಿನ ಬೆಳಿಗ್ಗೆ ಯಾರನ್ನೂ ಎಬ್ಬಿಸಲಿಲ್ಲ. ಕ್ಯಾನು ಹೊತ್ತುಕೊಂಡು ಮೊದಲ ಬಸ್ಸು ಹತ್ತಿದೆ. ಭಟ್ಟರು ಮುಚ್ಚಳ ತೆಗೆದು ಮೂಸಿದರು. ಇನ್ನೊಮ್ಮೆ ಮೂಸಿದರು. ಮೊದಲ ಇಡ್ಲಿ ಪಾತ್ರೆ ಇಳಿಸುವವರೆಗೂ ನಾನು ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದೆ. ಇಡ್ಲಿ ಉಬ್ಬಿತ್ತು. ಭಟ್ಟರು ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡು, ಒಳಗಿನಿಂದ ಅಕ್ಕಿ, ಉದ್ದು ತಂದು ನನ್ನ ಕಾಲ ಬಳಿ ಇಟ್ಟರು. ಅದನ್ನು ಹೊತ್ತು ಮನೆಗೆ ಬಂದೆ. ಎಲ್ಲರೂ ಇನ್ನೂ ಮಲಗಿದ್ದರು. ಉದ್ದು ತೊಳೆದು ನೆನೆಹಾಕಿದೆ.