ಅರ್ಜೆಂಟು ವ್ಯಾನಿನಲ್ಲಿ ತವರಿನ ಬೊಂಡ

ಬೇರೆಯವರ ಬಸ್ಸು ಓಡಿಸಿ ಬೈಗುಳ ತಿಂದದ್ದು ಸಾಕು, ಇನ್ನು ನನ್ನದೇ ಗಾಡಿಯಲ್ಲಿ ಕೂತು ನನ್ನನ್ನು ನಾನೇ ಬೈದುಕೊಳ್ಳುವ ಎಂದು ವ್ಯಾನು ಕೊಂಡವನು ನಾನು. ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಮಂಗಳೂರಿನ ಬೇಕರಿಯೊಂದು ಓಡಿಸಿ ಓಡಿಸಿ ಸಾಕಾಗಿ ಮಾರಿದ ಗಾಡಿ ಅದು. ಎಷ್ಟು ತೊಳೆದರೂ ಒಳಗಿನ ಬ್ರೆಡ್ಡಿನ ಹುಳಿ ವಾಸನೆ ಹೋಗಲಿಲ್ಲ. ಮುಂದೆ ನಿಂತು ಹ್ಯಾಂಡಲ್ ಹಾಕಿ ತಿರುಗಿಸಬೇಕು. ಅದಕ್ಕೆ ಮನಸ್ಸಿದ್ದರೆ ಸ್ಟಾರ್ಟ್ ಆಗುತ್ತಿತ್ತು, ಇಲ್ಲದಿದ್ದರೆ ಹ್ಯಾಂಡಲನ್ನು ಹಿಂದಕ್ಕೆ ಒದ್ದು ನನ್ನ ಕೈ ಮುರಿಯಲು ನೋಡುತ್ತಿತ್ತು.

ನನ್ನ ಲೆಕ್ಕಾಚಾರ ಸರಳವಾಗಿತ್ತು. ಭಾರದ ಸಾಮಾನಿಗೆ ಲಾರಿ ಇತ್ತು, ಹಗುರದ್ದಕ್ಕೆ ಬಸ್ಸಿನ ಟಾಪು ಇತ್ತು, ಹತ್ತಿರದ್ದಕ್ಕೆ ಆಳುಗಳ ತಲೆ ಇತ್ತು. ಆದರೆ ಇವತ್ತೇ, ಈಗಲೇ ತಲುಪಬೇಕಾದ ಸಾಮಾನಿಗೆ ಏನೂ ಇರಲಿಲ್ಲ. ಟೂರಿಂಗ್ ಟಾಕೀಸಿನ ರೀಲು ಪೆಟ್ಟಿಗೆ, ಔಷಧದ ಅಂಗಡಿಯ ಇಂಜೆಕ್ಷನ್ನು, ದಾರಿಯಲ್ಲಿ ಕೆಟ್ಟು ನಿಂತ ಬಸ್ಸಿಗೆ ಬೇಕಾದ ಸಾಮಾನು, ಬಾಡುವ ಮೊದಲು ಮಾರಬೇಕಾದ ವೀಳ್ಯದೆಲೆ, ಇಂಥವನ್ನು ನಾನು ಸಾಗಿಸುವುದು ಎಂದುಕೊಂಡೆ. ಬಂಟ್ವಾಳ ಪೇಟೆಯ ಹೋಟೆಲಿನಲ್ಲಿ ಇದನ್ನು ವಿವರಿಸಿ ಹೇಳಿದಾಗ ಚಾ ಕುಡಿಯುತ್ತಿದ್ದವರೆಲ್ಲ ನಕ್ಕರು.

"ನಮ್ಮ ಊರಲ್ಲಿ ಯಾರಿಗೆ ಅರ್ಜೆಂಟು ಉಂಟು ಮಾರಾಯ? ನಿನಗೊಬ್ಬನಿಗೇ!" ಎಂದು ಒಬ್ಬರು ಹೇಳಿದರು. ಅಂದಿನಿಂದ ನನ್ನ ಗಾಡಿಗೆ ಅರ್ಜೆಂಟು ವ್ಯಾನು ಎಂದೇ ಹೆಸರಾಯಿತು.

ಮೊದಲ ತಿಂಗಳುಗಳಲ್ಲಿ ನಾನು ಸಾಗಿಸಿದ್ದು ಹೆಚ್ಚಾಗಿ ಗಾಳಿಯನ್ನೇ. ಕೊನೆಗೆ ವಿಟ್ಲದ ಎಲೆ ವ್ಯಾಪಾರಿಯೊಬ್ಬರು ಪ್ರತಿದಿನ ಬೆಳಿಗ್ಗೆ ವೀಳ್ಯದೆಲೆ ಬುಟ್ಟಿ ಸಾಗಿಸಲು ಒಪ್ಪಿಕೊಂಡರು. ಅದು ಶುರುವಾಗುವ ಹಿಂದಿನ ದಿನ ಔಷಧದ ಪೆಟ್ಟಿಗೆ ಇಳಿಸಲು ನಾನು ಬೆಳ್ತಂಗಡಿಗೆ ಹೋಗಿದ್ದೆ. ಅಲ್ಲಿ ಕೊಡೆ ಹಿಡಿದ ಒಬ್ಬ ವಯಸ್ಸಾದ ಧಣಿ ನನ್ನ ಗಾಡಿಯ ಸುತ್ತ ಒಂದು ಸುತ್ತು ಬಂದು, ಕಣ್ಣಲ್ಲೇ ತೂಗಿ ನೋಡಿದರು. ಅವರು ಜೈನರು, ಪೇಟೆಯಿಂದ ಸ್ವಲ್ಪ ಒಳಗೆ ದೊಡ್ಡ ಮನೆಯವರು.

"ಇದು ಮೂಡಬಿದ್ರೆಗೆ ಹೋಗ್ತದಾ?"

"ಎಲ್ಲಿಗೂ ಹೋಗ್ತದೆ ಧಣಿ."

"ಹೊತ್ತಿರುವಾಗ ತಲುಪ್ತದಾ?"

"ಅದಕ್ಕೇ ಅಲ್ವಾ ಈ ಗಾಡಿ ಇರುವುದು!"

ಆ ಜಂಬದ ಮಾತು ನೆನಪಾದರೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ.

ವಿಷಯ ಇಷ್ಟು. ಮೂಡಬಿದ್ರೆಯಲ್ಲಿ ಅವರ ತಂಗಿ ಭಾದ್ರಪದದ ಹತ್ತು ದಿನಗಳ ಉಪವಾಸ ಮುಗಿಸಿದ್ದರು. ಅಂದು ಪಾರಣೆ. ಮನೆ ಪಾಲಾದಾಗ ಬಂದ ಮಾತಿನಿಂದ ಅಣ್ಣ ತಂಗಿ ವರ್ಷಗಳಿಂದ ಮುಖ ನೋಡಿರಲಿಲ್ಲ. ಅಂದು ಬೆಳಿಗ್ಗೆ ಧಣಿಗೆ ಏನನ್ನಿಸಿತೋ, ತಾಯಿ ನೆಟ್ಟ ಕೆಂದಾಳಿ ತೆಂಗಿನ ಮರದ ಬೊಂಡ ಬರುತ್ತದೆ, ಆ ಎಳನೀರು ಕುಡಿದೇ ಉಪವಾಸ ಬಿಡು ಎಂದು ಬಸ್ಸಿನಲ್ಲಿ ಹೇಳಿ ಕಳಿಸಿಬಿಟ್ಟಿದ್ದರು. ಮರ ಹತ್ತುವವನು ಬರುವಾಗ ಮಧ್ಯಾಹ್ನವಾಗಿತ್ತು, ಮುಂದಿನ ಬಸ್ಸೂ ಹೋಗಿಯಾಗಿತ್ತು.

"ಬೆಳಿಗ್ಗೆಯಿಂದ ಕಾಯ್ತಾ ಇರ್ತಾಳೆ. ಬೇರೆ ಏನೂ ಮುಟ್ಟುವವಳಲ್ಲ. ನನಗಿರುವ ಹಠವೇ ಅವಳಿಗೂ ಉಂಟು," ಎಂದರು.

"ನೀವೂ ಬನ್ನಿ ಧಣಿ, ಮುಂದೆ ಸೀಟುಂಟು," ಎಂದೆ.

"ಬೊಂಡ ಹೋಗಲಿ ಮೊದಲು," ಎಂದು ಅವರು ಮುಖ ತಿರುಗಿಸಿದರು.

ಬೊಂಡದ ಬುಟ್ಟಿಯನ್ನು ಹಿಂದೆ ಇಟ್ಟು ಹೊರಟೆ. ಆಗ ಆ ದಾರಿಯ ಹೊಳೆಗೆ ಸೇತುವೆ ಇರಲಿಲ್ಲ. ಎರಡು ದೋಣಿಗಳನ್ನು ಜೋಡಿಸಿ, ಮೇಲೆ ಹಲಗೆ ಹಾಸಿ, ಅದರ ಮೇಲೆ ಗಾಡಿಗಳನ್ನು ದಾಟಿಸುತ್ತಿದ್ದರು. ನಾನು ಹೊಳೆ ದಾಟುವ ಕಡವಿಗೆ ಬಂದಾಗ ಆ ಜೋಡಿ ದೋಣಿ ಆಚೆ ದಡದಲ್ಲಿತ್ತು. ಅದರ ಮೇಲೆ ಹತ್ತುವಾಗ ಬಸ್ಸೊಂದರ ಮುಂದಿನ ಚಕ್ರ ಹಲಗೆ ಮುರಿದು ಒಳಗೆ ಸಿಕ್ಕಿಕೊಂಡಿತ್ತು. ಜನರನ್ನು ಇಳಿಸಿ, ಟಾಪಿನ ಸಾಮಾನು ಇಳಿಸಿ, ಮರದ ತುಂಡು ಕೊಟ್ಟು ಎತ್ತುತ್ತಿದ್ದರು. ಎತ್ತಿದಷ್ಟೂ ಅದು ಇನ್ನೊಂದು ಕಡೆ ವಾಲುತ್ತಿತ್ತು.

ಸಣ್ಣ ದೋಣಿಯೊಂದು ಇತ್ತು. ಬೊಂಡವನ್ನು ಅದರಲ್ಲಿ ದಾಟಿಸಬಹುದಿತ್ತು. ಆದರೆ ಆಚೆ ದಡದಿಂದ ಮೂಡಬಿದ್ರೆಗೆ ಒಯ್ಯುವುದು ಯಾವುದರಲ್ಲಿ? ಅಲ್ಲಿದ್ದದ್ದು ಅದೊಂದೇ ಬಸ್ಸು. ನಾನು ಈಚೆಯಿಂದ ಕೂಗಿ ಸಲಹೆ ಕೊಟ್ಟೆ, ಬೈದೆ, ಕೊನೆಗೆ ಸಣ್ಣ ದೋಣಿಯಲ್ಲಿ ದಾಟಿ ಹೋಗಿ ನಾನೂ ಹೆಗಲು ಕೊಟ್ಟೆ. ಏನೂ ಪ್ರಯೋಜನವಾಗಲಿಲ್ಲ. ಬಸ್ಸಿನ ಡ್ರೈವರು ಬೀಡಿ ಹಚ್ಚಿ, "ನಿಮ್ಮದು ಅರ್ಜೆಂಟು ವ್ಯಾನು ಅಲ್ವಾ? ಹಾರಿಸಿಕೊಂಡು ಹೋಗಿ," ಎಂದ. ಅವನ ಕುತ್ತಿಗೆ ಹಿಡಿಯುವಷ್ಟು ಸಿಟ್ಟು ಬಂದಿತ್ತು. ಹಿಡಿದರೂ ಬಸ್ಸು ಏಳುತ್ತಿರಲಿಲ್ಲ. ಮತ್ತೆ ಈಚೆಗೆ ಬಂದು ದಡದ ಕಲ್ಲಿನ ಮೇಲೆ ಕೂತೆ. ಒಬ್ಬರು ಬಾಯಾರಿ ಕಾಯುತ್ತಿದ್ದಾರೆ, ಬೊಂಡ ನನ್ನ ಬೆನ್ನ ಹಿಂದೆ ಇದೆ, ನನ್ನಿಂದ ಮಾತ್ರ ಏನೂ ಆಗುತ್ತಿಲ್ಲ. ಅಳು ಬಂದಂತಾಯಿತು.

ಬಸ್ಸು ಎದ್ದು, ದೋಣಿ ಈಚೆಗೆ ಬಂದು, ನಾನು ಆಚೆಗೆ ದಾಟುವಾಗ ಬಿಸಿಲು ಹಳದಿಯಾಗಿತ್ತು. ಅಲ್ಲಿಂದ ಹೇಗೆ ಓಡಿಸಿದೆನೋ ದೇವರಿಗೇ ಗೊತ್ತು. ಮೂಡಬಿದ್ರೆಯ ಬಸದಿಯ ಬೀದಿಗೆ ತಿರುಗುವಾಗ ಸೂರ್ಯ ಇನ್ನೂ ತೆಂಗಿನ ಗರಿಗಳ ಮೇಲಿದ್ದ. ಗೆದ್ದೆ ಎಂದುಕೊಂಡೆ. ಆ ಮನೆಯ ಮುಂದೆ ಹಾರ್ನ್ ಹೊಡೆದು, ಬುಟ್ಟಿ ಎತ್ತಿಕೊಂಡು, "ಬೊಂಡ ಬಂತು!" ಎಂದು ಮದುವೆ ಮನೆಗೆ ಬಂದವನ ಹಾಗೆ ಕೂಗಿದೆ.

ಜಗಲಿಯಲ್ಲಿದ್ದ ಧಣಿಯ ತಂಗಿಯ ಮಗ ಎದ್ದು ನಿಂತರು. ಸೊಸೆ ಬಾಗಿಲಿನವರೆಗೆ ಬಂದು ಒಳಗೆ ಹೋದರು.

"ಹೊತ್ತು ಮೀರಿತು," ಎಂದರು ಮಗ.

"ಎಲ್ಲಿ ಮೀರಿದೆ? ಸೂರ್ಯ ಅಲ್ಲೇ ಉಂಟಲ್ಲ!" ನಾನು ಕೈ ಎತ್ತಿ ತೋರಿಸಿದೆ.

"ಉಂಟು. ಆದರೆ ನಮ್ಮ ಅಮ್ಮನ ನೇಮದಲ್ಲಿ ಸೂರ್ಯ ಮುಳುಗುವ ಎರಡು ಗಳಿಗೆ ಮೊದಲೇ ಬಾಯಿ ತೊಳೆದು ಆಗ್ತದೆ. ಎರಡು ಗಳಿಗೆ ಅಂದರೆ ಮುಕ್ಕಾಲು ಗಂಟೆ. ಅಮ್ಮ ಈಗ ತಾನೇ ತೊಳೆದರು. ಇನ್ನು ನೀರೂ ನಾಳೆಯೇ."

ಜೈನರು ಕತ್ತಲಾದ ಮೇಲೆ ಉಣ್ಣುವುದಿಲ್ಲ ಎಂದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ನನಗೆ ಗೊತ್ತಿದ್ದದ್ದೂ ಅಷ್ಟೇ. ನಾನು ಬುಟ್ಟಿ ಹಿಡಿದುಕೊಂಡು ಬಿಸಿಲಿನಲ್ಲೇ ನಿಂತಿದ್ದೆ. ಅಷ್ಟು ನಿಚ್ಚಳವಾದ ಬಿಸಿಲಿನ ಮೇಲೆ ನನಗೆ ಹಿಂದೆಂದೂ ಸಿಟ್ಟು ಬಂದಿರಲಿಲ್ಲ.

ಆಗ ಆ ಅಮ್ಮನೇ ಹೊರಗೆ ಬಂದರು. ಗೋಡೆ ಹಿಡಿದುಕೊಂಡು ನಡೆಯುತ್ತಿದ್ದರು, ತುಟಿ ಒಣಗಿ ಬಿಳಿಚಿತ್ತು. ಬುಟ್ಟಿಯಲ್ಲಿ ಕೈಯಾಡಿಸಿ ಒಂದು ಬೊಂಡವನ್ನು ಮುಟ್ಟಿ ನೋಡಿದರು.

"ಅದೇ ಮರದ್ದು," ಎಂದರು. ಆಮೇಲೆ ನನ್ನನ್ನು ನೋಡಿ, "ನೀನು ಇವತ್ತು ಹಿಂದೆ ಹೋಗಬೇಡ ಮಗಾ. ಹೋದರೆ ಅಣ್ಣ ಕುಡಿದಳಾ ಅಂತ ಕೇಳ್ತಾನೆ. ಇಲ್ಲ ಅಂದರೆ ಅವನಿಗೆ ನೋವು, ಹೌದು ಅಂದರೆ ನಿನಗೆ ಸುಳ್ಳು. ನಾಳೆ ನಾನು ಕುಡಿದದ್ದನ್ನು ನೋಡಿಯೇ ಹೋಗು," ಎಂದರು.

ವಿಟ್ಲದ ಎಲೆ ನೆನಪಾಯಿತು. ಬೆಳಿಗ್ಗೆ ಅಲ್ಲಿರಬೇಕಿತ್ತು. ಆದರೆ ಆ ಮುಖದ ಎದುರು ವೀಳ್ಯದೆಲೆಯ ಮಾತು ಎತ್ತುವುದು ಹೇಗೆ? ಉಳಿದೆ. ಬೆಳಿಗ್ಗೆ ಸೂರ್ಯ ಹುಟ್ಟಿದ ಮೇಲೂ ಎರಡು ಗಳಿಗೆ ಕಾಯಬೇಕಂತೆ, ಅದನ್ನೂ ಕಾದೆವು. ಆಮೇಲೆ ಅವರು ಪೂರ್ವಕ್ಕೆ ಮುಖ ಮಾಡಿ ಕೂತು ಬೊಂಡದ ನೀರನ್ನು ಗುಟುಕು ಗುಟುಕಾಗಿ ಕುಡಿದರು. ಮನೆಯವರೆಲ್ಲ ಉಸಿರು ಬಿಟ್ಟರು.

ಬೆಳ್ತಂಗಡಿಯ ಮನೆ ತಲುಪುವಾಗ ಧಣಿ ಚಾವಡಿಯಲ್ಲಿ ಕೂತಿದ್ದರು.

"ತಲುಪಿತಾ?"

"ತಲುಪಿತು ಧಣಿ."

"ಕುಡಿದಳಾ?"

"ಕುಡಿದರು. ನಾನು ಕಣ್ಣಾರೆ ನೋಡಿದೆ."

ಅವರು ಒಳಗೆ ತಿರುಗಿ ನೀರು ತರಲು ಹೇಳಿದರು. ಅವರ ಹೆಂಡತಿ ಚೊಂಬು ತಂದಿಟ್ಟು ನನ್ನನ್ನು ದುರುಗುಟ್ಟಿ ನೋಡಿದರು. "ನಿನ್ನೆಯಿಂದ ಇವರೂ ಏನೂ ಮುಟ್ಟಲಿಲ್ಲ. ಅವಳು ಕುಡಿದ ಸುದ್ದಿ ಬರಲಿ ಅಂತ ಕೂತದ್ದು. ನೀನು ನಿನ್ನೆಯೇ ಬರಬೇಕಿತ್ತಲ್ಲ?"

ಧಣಿ ಚೊಂಬನ್ನು ಎತ್ತಿದವರು ಅರ್ಧಕ್ಕೇ ನಿಲ್ಲಿಸಿದರು.

"ಅವಳು ನಿನ್ನನ್ನು ನಿಲ್ಲಿಸಿಕೊಂಡಳಾ?"

"ಹೌದು."

"ಯಾಕಂತೆ?"

"ನಿನ್ನೆ ಹೊತ್ತು ಮೀರಿತ್ತು, ಕುಡಿದದ್ದು ಇವತ್ತು. ನಿಮಗೆ ಸುಳ್ಳು ಹೇಳಬಾರದಂತೆ ಧಣಿ."

ಅವರು ನೀರು ಕುಡಿದು ಚೊಂಬು ಇಟ್ಟರು. ಒಳಗೆ ಹೋಗಿ ಅಂಗಿ ಹಾಕಿಕೊಂಡು, ಕೊಡೆ ಹಿಡಿದು ಹೊರಗೆ ಬಂದರು. "ನಡಿ. ಈಗ ಹೊರಟರೆ ಹೊತ್ತಿರುವಾಗ ತಲುಪುವ," ಎಂದು ಮುಂದಿನ ಸೀಟಿನಲ್ಲಿ ಕೂತುಬಿಟ್ಟರು.

ನಾನು ಓಡಿ ಹೋಗಿ ಹ್ಯಾಂಡಲ್ ಹಾಕಿದೆ. ಆ ಗಾಡಿಗೆ ಅಷ್ಟು ಅರ್ಜೆಂಟಿನ ಸಾಮಾನು ಹಿಂದೆಂದೂ ಸಿಕ್ಕಿರಲಿಲ್ಲ. ತಿರುಗಿಸಿದೆ, ಸ್ಟಾರ್ಟ್ ಆಗಲಿಲ್ಲ. ಪ್ಲಗ್ ಬಿಚ್ಚಿ ಒರೆಸಿದೆ. ಆಳುಗಳನ್ನು ಕರೆದು ತಳ್ಳಿಸಿದೆ. ನೀರು ಹಾಕಿದೆ, ಬೇಡಿಕೊಂಡೆ, ಒದ್ದೆ. ಅಂಗೈ ಸುಲಿದು ಹ್ಯಾಂಡಲಿಗೆ ರಕ್ತ ಹತ್ತಿತು. ಧಣಿ ಕೊಡೆಯನ್ನು ಮೊಣಕಾಲುಗಳ ನಡುವೆ ಇಟ್ಟುಕೊಂಡು ಎದುರಿನ ಗಾಜಿನಲ್ಲಿ ನೋಡುತ್ತಾ ಕೂತೇ ಇದ್ದರು. ಒಂದು ಬೈಗುಳವಾದರೂ ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಬಿಸಿಲು ಹಳದಿಯಾದ ಮೇಲೆ ನಿಧಾನವಾಗಿ ಇಳಿದರು.

"ಇರಲಿ. ಇನ್ನೊಮ್ಮೆ ಹೋಗುವ," ಎಂದರು.

ಮರುದಿನ ಮೆಕ್ಯಾನಿಕ್ಕನ್ನು ಕರೆತಂದು ಗಾಡಿ ಸರಿ ಮಾಡಿಸಿ ಬಾಗಿಲಲ್ಲಿ ನಿಂತೆ. ಒಳಗಿನಿಂದ ಅದೇ ಮಾತು ಬಂತು, ಇನ್ನೊಮ್ಮೆ. ಧಣಿಗೆ ಧೈರ್ಯ ಬರಲು ಎಷ್ಟು ವರ್ಷ ಹಿಡಿದಿತ್ತೋ, ಅದು ಕರಗಿ ಹೋಗಲು ಒಂದು ಮಧ್ಯಾಹ್ನ ಸಾಕಾಯಿತು. ಎಲೆಯ ಕೆಲಸವೂ ಬೇರೆಯವರ ಪಾಲಾಗಿತ್ತು, ಅದಕ್ಕೆ ನನಗೆ ಅಷ್ಟು ಬೇಸರವಾಗಲಿಲ್ಲ.

ಆಮೇಲೆ ಪ್ರತಿ ಭಾದ್ರಪದದಲ್ಲೂ ಪಾರಣೆಯ ಹಿಂದಿನ ದಿನವೇ ಅವರು ನನ್ನ ವ್ಯಾನಿನಲ್ಲಿ ಬೊಂಡ ಕಳಿಸಿದರು. ಬುಟ್ಟಿಯನ್ನು ಹಿಂದೆ ಇಡಲು ಬಿಡುತ್ತಿರಲಿಲ್ಲ. ತಾವು ಕೂತಿದ್ದ ಸೀಟಿನ ಮೇಲೆ ತಾವೇ ಇಟ್ಟು ಬಾಗಿಲು ಹಾಕುತ್ತಿದ್ದರು. ಒಮ್ಮೆಯೂ ತಡವಾಗಲಿಲ್ಲ. ಅಣ್ಣ ಒಂದು ಮಧ್ಯಾಹ್ನವಿಡೀ ಈ ಗಾಡಿಯಲ್ಲಿ ಕೂತಿದ್ದರೆಂದು ಮೂಡಬಿದ್ರೆಯ ಅಮ್ಮನಿಗೆ ನಾನೇ ಹೇಳಿದ್ದೆ. ಹೇಳಬಾರದಿತ್ತೋ ಏನೋ. ಪ್ರತಿ ಸಲ ಹಾರ್ನ್ ಕೇಳಿದ ಕೂಡಲೇ ಅವರು ಗೋಡೆ ಹಿಡಿದುಕೊಂಡು ಹೊರಗೆ ಬಂದು, ಮೊದಲು ಮುಂದಿನ ಸೀಟಿನ ಕಡೆ ನೋಡುತ್ತಿದ್ದರು. ಆಮೇಲೆ ಬುಟ್ಟಿ ಇಳಿಸಲು ಹೇಳುತ್ತಿದ್ದರು.